ಮದುವೆ ವಿಡಿಯೊ ಸಂಕಲನಕ್ಕೆ ಹಳೆಯ 1080 ಟಿಐ ಗ್ರಾಫಿಕ್ಸ್ ಕಾರ್ಡ್ ಸಾಕೇ, ಹೊಸ 5060 ಬೇಕೇ?

ವಿರಾಜಪೇಟೆ_ಕ್ಯಾಮೆರಾ

ಮದುವೆಗಳ ವಿಡಿಯೊ ಮಾಡುವುದು ನನ್ನ ಕಸುಬು. ಕೊಡವ ಮದುವೆಯಲ್ಲಿ ಗಂಗಾಪೂಜೆಯೊಂದೇ ಗಂಟೆಗಟ್ಟಲೆ ನಡೆಯುತ್ತದೆ. ವಧು ಬಿಂದಿಗೆ ಹೊತ್ತು ನಿಂತಿರುತ್ತಾಳೆ, ವರನ ಕಡೆಯವರು ದಾರಿ ಬಿಡದೆ ವಾಲಗಕ್ಕೆ ಕುಣಿಯುತ್ತಲೇ ಇರುತ್ತಾರೆ. ಯಾವ ಚಿಕ್ಕಪ್ಪ ಯಾವಾಗ ಕುಣಿದ ಎಂದು ಆಮೇಲೆ ಕೇಳುವವರಿರುವುದರಿಂದ ಒಂದನ್ನೂ ಬಿಡುವಂತಿಲ್ಲ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದುವೆಗಳಿಲ್ಲ, ಬೇಸಿಗೆಯ ಬಾಕಿ ಕೆಲಸವೆಲ್ಲ ಆಗಲೇ ಮುಗಿಯಬೇಕು.

ಕಂಪ್ಯೂಟರ್: ಇಂಟೆಲ್ ಐ5-8400, 32 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 6 ಜಿಬಿ. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಹಣ ಕೊಟ್ಟು ಕೊಂಡ ಆವೃತ್ತಿ. ಹೊಸ ಕ್ಯಾಮೆರಾ ಬಂದ ಮೇಲೆ ಟೈಮ್‌ಲೈನ್ ಎಳೆದರೆ ಚಿತ್ರ ತಡವರಿಸುತ್ತದೆ. ಮೈಸೂರಿನಲ್ಲಿ ಒಬ್ಬರು ಬಳಸಿದ 1080 ಟಿಐ ಮಾರುತ್ತಿದ್ದಾರೆ, ಬೆಲೆ ಹೊಸ ಆರ್‌ಟಿಎಕ್ಸ್ 5060ರ ಅರ್ಧಕ್ಕಿಂತ ಕಡಿಮೆ. ಯಾವುದು ಮೇಲು?

ಗೋಣಿಕೊಪ್ಪದ_ಆಟಗಾರ

ಕಣ್ಣು ಮುಚ್ಚಿ 1080 ಟಿಐ ತೆಗೆದುಕೊಳ್ಳಿ. ನಿಮ್ಮ 1060ರಲ್ಲಿ 1280 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು), ಅದರಲ್ಲಿ 3584. ಮೆಮೊರಿ 11 ಜಿಬಿ. 5060ಕ್ಕೆ ಇವತ್ತಿಗೂ 8 ಜಿಬಿ ಕೊಟ್ಟು ಕೈತೊಳೆದುಕೊಂಡಿದ್ದಾರೆ, ಅದು ಜಿಪುಣತನ. 2021ರ ಆರ್‌ಟಿಎಕ್ಸ್ 3060ರಲ್ಲೂ 3584 ಕೋರ್‌ಗಳೇ, ಹಳೆಯ ಆಟಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ ಓಡುತ್ತವೆ. 2017ರ ಕಾರ್ಡ್ ಇಷ್ಟು ವರ್ಷ ಮರ್ಯಾದೆ ಉಳಿಸಿಕೊಂಡಿದೆ ಎಂದರೆ ಸುಮ್ಮನೆಯೇ?

ಕುಶಾಲನಗರ_ರಿಪೇರಿ

ಮೇಲಿನವರು ಆಟದ ಲೆಕ್ಕ ಹೇಳಿದ್ದಾರೆ, ಅದು ಸರಿಯಾಗಿಯೇ ಇದೆ. ಕೇಳಿದವರು ಆಟ ಆಡುತ್ತಿಲ್ಲ.

ಕೋರ್ ಎಣಿಸುವ ಚಟದ ಬಗ್ಗೆ ಮೊದಲು ಒಂದು ಮಾತು. ಬೇರೆ ಬೇರೆ ಪೀಳಿಗೆಯ ಕೋರ್‌ಗಳನ್ನು ಒಂದೇ ತಕ್ಕಡಿಯಲ್ಲಿಡುವಂತಿಲ್ಲ. 3060ರ ಪೀಳಿಗೆಯಲ್ಲಿ ಎಣಿಸುವ ರೀತಿಯೇ ಬದಲಾಯಿತು: ಅಲ್ಲಿಯವರೆಗೆ ಪೂರ್ಣಾಂಕದ ಲೆಕ್ಕಕ್ಕೆ ಮೀಸಲಿದ್ದ ಘಟಕಗಳು ದಶಮಾಂಶದ ಲೆಕ್ಕವನ್ನೂ ಮಾಡತೊಡಗಿದವು, ಪೆಟ್ಟಿಗೆಯ ಮೇಲಿನ ಸಂಖ್ಯೆ ಒಮ್ಮೆಲೇ ಉಬ್ಬಿತು. 3584 ಮತ್ತು 3584 ಒಂದೇ ಎನ್ನುವುದು ಕಾಕತಾಳೀಯ.

ಈಗ ನಿಮ್ಮ ತೊಂದರೆ. ಹೊಸ ಕ್ಯಾಮೆರಾ 10 ಬಿಟ್ 4:2:2 ಎಚ್‌ಇವಿಸಿಯಲ್ಲಿ ಚಿತ್ರಿಸುತ್ತಿದೆಯೇ? ನನ್ನ ಅನುಮಾನ ಅದರ ಮೇಲೆಯೇ. ಎಚ್‌ಇವಿಸಿ ಎಂದರೆ ವಿಡಿಯೊವನ್ನು ಕುಗ್ಗಿಸಿಡುವ ಒಂದು ವಿಧಾನ, 4:2:2 ಮತ್ತು 4:2:0 ಎಂದರೆ ಅದರಲ್ಲಿ ಎಷ್ಟು ಬಣ್ಣದ ಮಾಹಿತಿ ಉಳಿಯುತ್ತದೆ ಎಂಬ ಲೆಕ್ಕ. ಆ ಕಡತವನ್ನು ಬಿಡಿಸುವುದು ಕೋರ್‌ಗಳ ಕೆಲಸವಲ್ಲ, ಕಾರ್ಡಿನಲ್ಲಿರುವ ಡಿಕೋಡರ್ ಎಂಬ ಪ್ರತ್ಯೇಕ ಮಂಡಲದ ಕೆಲಸ. 1060 ಮತ್ತು 1080 ಟಿಐ ಎರಡೂ ಪಾಸ್ಕಲ್ ಪೀಳಿಗೆಯವು, ಎರಡರ ಡಿಕೋಡರ್‌ಗೂ 10 ಬಿಟ್ 4:2:0 ಗೊತ್ತು, 4:2:2 ಗೊತ್ತಿಲ್ಲ. ಕಾಫಿ ಕೊಯ್ಯಲು ಮೂರು ಪಟ್ಟು ಆಳು ತಂದರೂ ಪಲ್ಪರ್ ಇಲ್ಲದ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವುದಿಲ್ಲ. 1080 ಟಿಐ ಹಾಕಿದರೆ ಬಣ್ಣ ತಿದ್ದುವುದು, ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ತೆಗೆಯುವುದು ಖಂಡಿತ ಚುರುಕಾಗುತ್ತದೆ. ತಡವರಿಕೆ ಮಾತ್ರ ಹಾಗೆಯೇ ಉಳಿಯುತ್ತದೆ. ಎನ್‌ವಿಡಿಯಾ 4:2:2 ಡಿಕೋಡರ್ ಕೊಟ್ಟಿದ್ದು 50ರ ಸರಣಿಯಿಂದ. ನಡುವಿನ 30, 40ರ ಸರಣಿಗಳಲ್ಲೂ ಇಲ್ಲ, ಎಷ್ಟೇ ದುಬಾರಿ ಕಾರ್ಡ್ ಆದರೂ ಸರಿ.

ನನ್ನನ್ನು ನಂಬಬೇಡಿ, ನೀವೇ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಎಂಬ ನಕ್ಷೆ ಹುಡುಕಿ, ಆ ಕಡತವನ್ನು ಓಡಿಸಿ. ನಕ್ಷೆ ಅಲುಗಾಡದೆ ಮಲಗಿದ್ದು, ಸಿಪಿಯು ನೂರಕ್ಕೆ ಹತ್ತಿರ ಹೋದರೆ ರೋಗ ಇದೇ.

ಇನ್ನು ಕರೆಂಟು. ಕಕ್ಕಡದಲ್ಲಿ ಕೆಲಸ ಎನ್ನುತ್ತೀರಿ. ಆ ಮಳೆಯಲ್ಲಿ ಸಿಲ್ವರ್ ಓಕ್ ಮುರಿದು ತಂತಿಯ ಮೇಲೆ ಬೀಳದ ವಾರವಿದೆಯೇ? 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. 1080 ಟಿಐ ಒಂದೇ 250 ವ್ಯಾಟ್ ಕೇಳುತ್ತದೆ. ಪ್ರೊಸೆಸರ್, ಮಾನಿಟರ್, ಡಿಸ್ಕ್‌ಗಳು ಸೇರಿದರೆ ಕರೆಂಟು ಹೋದ ಕ್ಷಣದಲ್ಲೇ ಯುಪಿಎಸ್ ಕೂಗಿ ಕೈಬಿಡಬಹುದು, ರೆಂಡರ್ ಅರ್ಧದಲ್ಲೇ ಹೋಗುತ್ತದೆ. 5060ರ ಮಿತಿ 145 ವ್ಯಾಟ್, ನಿಮ್ಮ 1060ರದ್ದು 120. ಅಂಗಡಿಗೆ ಬರುವವರು ಫ್ರೇಮ್ ಲೆಕ್ಕ ಕೇಳುತ್ತಾರೆ, ವ್ಯಾಟ್ ಲೆಕ್ಕ ಕೇಳುವುದಿಲ್ಲ. ಈ ಜಿಲ್ಲೆಯಲ್ಲಿ ಕೇಳಬೇಕಾದದ್ದು ಅದನ್ನೇ.

8 ಜಿಬಿ ಕಡಿಮೆ ಎಂಬ ಮಾತನ್ನು ಒಪ್ಪುತ್ತೇನೆ. 4ಕೆಯಲ್ಲಿ ನಾಯ್ಸ್ ತೆಗೆಯುವುದನ್ನು ಒಂದರ ಮೇಲೊಂದು ಹೇರಿದರೆ ಮೆಮೊರಿ ತುಂಬುತ್ತದೆ. ಕಾರ್ಡಿಗೂ ಬೋರ್ಡಿಗೂ ನಡುವಿನ ದಾರಿ ನಿಮ್ಮಲ್ಲಿ ಹಳೆಯ ಪಿಸಿಐಇ 3.0ರದ್ದು, 5060 ಬಳಸುವುದು ಅದರ ಎಂಟೇ ಲೇನ್. ಮೆಮೊರಿ ತುಂಬಿದಾಗಲೇ ಆ ಇಕ್ಕಟ್ಟು ಹೆಚ್ಚು ಕಾಡುವುದು. ಹಣವಿದ್ದರೆ 5060 ಟಿಐಯ 16 ಜಿಬಿ ಮಾದರಿ, 180 ವ್ಯಾಟ್.

ಸುಂಟಿಕೊಪ್ಪ_ತೋಟ

4:2:2 ಬೇಕಾದರೆ ಇಂಟೆಲ್ ಆರ್ಕ್ ಬಿ580 ಏಕೆ ಬೇಡ? 12 ಜಿಬಿ ಇದೆ, ಡಿಕೋಡರ್ ಕೂಡ ಇದೆ. ಎನ್‌ವಿಡಿಯಾ ಬಿಟ್ಟರೆ ಗತಿಯಿಲ್ಲ ಎನ್ನುವಂತೆ ಎಲ್ಲರೂ ಬರೆಯುವುದು ನೋಡಿ ಬೇಸರವಾಗುತ್ತದೆ.

ಕುಶಾಲನಗರ_ರಿಪೇರಿ

ಒಳ್ಳೆಯ ಕಾರ್ಡ್, ತಪ್ಪು ಮನೆ. ಆರ್ಕ್ ಸರಿಯಾಗಿ ಓಡಲು ಬೋರ್ಡಿನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಲೇ ತಲುಪುವ ಸೌಲಭ್ಯ) ಇರಬೇಕು. ಇಂಟೆಲ್ ತಾನೇ ಹತ್ತನೆಯ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕೆಂದು ಹೇಳುತ್ತದೆ, ಇವರದು ಎಂಟನೆಯದು. ಆದರೆ ನಿಮ್ಮ ಮಾತಿನಿಂದ ಇನ್ನೊಂದು ದಾರಿ ನೆನಪಾಯಿತು: ಹನ್ನೆರಡನೆಯ ಪೀಳಿಗೆಯ ಐ5-12400ರ ಒಳಗಿನ ಗ್ರಾಫಿಕ್ಸ್‌ಗೇ ಎಚ್‌ಇವಿಸಿ 4:2:2 ಬರುತ್ತದೆ. ಹೆಸರಿನ ಕೊನೆಗೆ ಎಫ್ ಇರುವ ಮಾದರಿ ಬೇಡ, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಬೋರ್ಡ್, ಪ್ರೊಸೆಸರ್ ಬದಲಿಸಿ 1060ನ್ನೇ ಇನ್ನೂ ಸ್ವಲ್ಪ ಕಾಲ ಎಳೆಯಬಹುದು.

ವಿರಾಜಪೇಟೆ_ಕ್ಯಾಮೆರಾ

ನೋಡಿದೆ. ಡಿಕೋಡ್ ನಕ್ಷೆ ನೆಲ ಬಿಟ್ಟು ಏಳಲಿಲ್ಲ, ಸಿಪಿಯು ಉಸಿರುಗಟ್ಟಿತು. ಕ್ಯಾಮೆರಾದಲ್ಲಿ 4:2:2 ಇಟ್ಟಿದ್ದು ವಧುವಿನ ಕೆಂಪು ಸೀರೆಯ ಅಂಚು ಒಡೆಯದಿರಲಿ ಎಂದು. ಪಾಸ್ಕಲ್ ಕಾರ್ಡುಗಳಿಗೆ ಡ್ರೈವರ್ ತಂತ್ರಾಂಶದ ಪರಿಷ್ಕರಣೆ ನಿಂತಿದೆ ಎಂದೂ ಕೇಳಿದೆ, ನಿಜವೇ?

ಕುಶಾಲನಗರ_ರಿಪೇರಿ

ಹೊಸ ಸುಧಾರಣೆಗಳು 2025ರ ಅಕ್ಟೋಬರ್‌ಗೆ ನಿಂತಿವೆ, ಭದ್ರತೆಯ ತಿದ್ದುಪಡಿಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ. ಕಾರ್ಡ್ ಕೆಡುವುದಿಲ್ಲ, ಆದರೆ ಇಂದು ಹಣ ಹಾಕುವವರು ಯೋಚಿಸಬೇಕು.

ಕೆಂಪಿನ ವಿಷಯ ಸರಿ. 4:2:2ರಲ್ಲಿ ಬಣ್ಣದ ಮಾಹಿತಿ 4:2:0ರ ಎರಡರಷ್ಟಿರುತ್ತದೆ. ಸೀರೆ, ಆಭರಣದ ಹತ್ತಿರದ ದೃಶ್ಯಗಳಿಗೆ ಅದು ಇರಲಿ. ಕುಣಿತಕ್ಕೆ 10 ಬಿಟ್ 4:2:0 ಸಾಕು, ಅದನ್ನು ನಿಮ್ಮ 1060 ಸಲೀಸಾಗಿ ಬಿಡಿಸುತ್ತದೆ. ಈಗಾಗಲೇ ಚಿತ್ರಿಸಿದ್ದಕ್ಕೆ ರಿಸಾಲ್ವ್‌ನಲ್ಲೇ ಅರ್ಧ ಗಾತ್ರದ ಪ್ರಾಕ್ಸಿ, ಅಂದರೆ ಸಂಕಲನದ ವೇಳೆ ಮೂಲದ ಬದಲಿಗೆ ಬಳಸುವ ಹಗುರ ಪ್ರತಿ, ಮಾಡಿಕೊಳ್ಳಿ.

ಗೋಣಿಕೊಪ್ಪದ_ಆಟಗಾರ

ಹಾಗಾದರೆ ಮೈಸೂರಿನ ಆ 1080 ಟಿಐಯನ್ನು ನಾನು ತೆಗೆದುಕೊಳ್ಳಲೇ? ನನ್ನದು ಇನ್ನೂ ಜಿಟಿಎಕ್ಸ್ 970.

ವಿರಾಜಪೇಟೆ_ಕ್ಯಾಮೆರಾ

ಧಾರಾಳವಾಗಿ. ಮಾರುವವರ ಸಂಪರ್ಕ ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ. ಬಾಕಿ ಮದುವೆಗಳನ್ನು ಪ್ರಾಕ್ಸಿಯಲ್ಲೇ ಮುಗಿಸಿ, ಆ ಹಣ ಬಂದ ಮೇಲೆ 16 ಜಿಬಿಯದ್ದನ್ನು ನೋಡುತ್ತೇನೆ.

ಕುಶಾಲನಗರ_ರಿಪೇರಿ

970 ಇದ್ದವರು ಕೊಳ್ಳಲಿ, ಮೂಗು ಮುರಿಯುವುದಿಲ್ಲ. ಹೋದಾಗ ಫ್ಯಾನ್ ತಿರುಗಿಸಿ ನೋಡಿ, ಸ್ಕ್ರೂಗಳಲ್ಲಿ ತುಕ್ಕಿದೆಯೇ ನೋಡಿ, ಅರ್ಧ ಗಂಟೆಯಾದರೂ ಪೂರ್ತಿ ಹೊರೆ ಹಾಕಿ ಓಡಿಸಿ. 2024ರ ಕೊನೆಯ ಇಂಡಿಯಾನಾ ಜೋನ್ಸ್ ಆಟದಂತೆ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕಹಾಕಿ ಚಿತ್ರಿಸುವುದು) ಕಡ್ಡಾಯವಾಗಿರುವ ಆಟಗಳು ಅದರಲ್ಲಿ ಓಡುವುದಿಲ್ಲ ಎಂಬುದು ಗೊತ್ತಿರಲಿ. ಯುಪಿಎಸ್ ಎಷ್ಟರದ್ದು ಎಂದು ನೀವೂ ಹೇಳಲಿಲ್ಲ.