ಎಂಜಿನ್ ಆಫ್, ಎಸಿ ಆನ್: ವ್ಯಾನಿನಲ್ಲಿ ಮಲಗುವವರ ಅನುಭವಗಳು

ಪ್ರಶ್ನೆ, ಹಾಸನದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಟ್ರಾವೆಲರ್ ಗಾಡಿಯಲ್ಲಿ ಮಲಗಲು ಅನುಕೂಲ ಆಗುವ ಹಾಗೆ ಒಳಗೆ ಕೆಲಸ ಮಾಡಿಸುತ್ತಿದ್ದೇವೆ. ನಾನು, ನಮ್ಮ ಮನೆಯವರು, ಐದು ವರ್ಷದ ಮಗಳು, ಜೊತೆಗೆ ಅತ್ತೆ. ಅತ್ತೆಗೆ ಬಿಪಿ ಇದೆ, ಸೆಕೆ ಒಂಚೂರೂ ತಡೆಯುವುದಿಲ್ಲ. ಏಪ್ರಿಲ್ ರಜೆಯಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಆಮೇಲೆ ಉಡುಪಿ ಕಡೆ ಹೋಗುವ ಆಸೆ. ರಾತ್ರಿ ಎಂಜಿನ್ ಆಫ್ ಮಾಡಿ ಬ್ಯಾಟರಿಯಲ್ಲೇ ಎಸಿ ಓಡಬೇಕು. 12 ವೋಲ್ಟಿನ ರೂಫ್ ಎಸಿ, 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ ಒಂದು, 400 ವಾಟ್ ಸೋಲಾರ್, ಇಷ್ಟಿದ್ದರೆ ಬೆಳಗಿನವರೆಗೂ ಓಡುತ್ತದೆ ಎಂದು ಅಂಗಡಿಯವರೊಬ್ಬರು ಹೇಳಿದ್ದಾರೆ. ನಂಬಬಹುದಾ? ಇಂಥದ್ದನ್ನು ಬಳಸಿದವರು ದಯವಿಟ್ಟು ಹೇಳಿ.

ಚಿಕ್ಕಮಗಳೂರಿನಿಂದ

ಅಕ್ಕಾ, ಒಂದು ಬ್ಯಾಟರಿಯಲ್ಲಿ ರಾತ್ರಿ ಕಳೆಯುವುದಿಲ್ಲ. ಲೆಕ್ಕ ಸುಲಭ, ನೀವೇ ಮಾಡಿ ನೋಡಿ. 12 ವೋಲ್ಟ್ ಅಂತ ಕರೆದರೂ ಈ ಲಿಥಿಯಂ ಬ್ಯಾಟರಿಯ ವೋಲ್ಟೇಜ್ 12.8. ಅದನ್ನು 100ರಿಂದ ಗುಣಿಸಿದರೆ 1280 ವಾಟ್-ಅವರ್. ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದೂಕಾಲು ಯೂನಿಟ್. ಈ ಪುಟ್ಟ ಎಸಿಗಳು ಶುರುವಿನಲ್ಲಿ 50-60 ಆಂಪಿಯರ್ ಎಳೆಯುತ್ತವೆ. ಒಳಗೆ ತಣ್ಣಗಾದ ಮೇಲೆ ಕಂಪ್ರೆಸರ್ ನಿಧಾನವಾಗಿ ಅದು ಅರ್ಧಕ್ಕೆ ಇಳಿಯುತ್ತದೆ. ಸರಾಸರಿ 400 ವಾಟ್ ಅಂತ ಇಟ್ಟುಕೊಳ್ಳಿ. ಎಂಟು ಗಂಟೆಗೆ 3.2 ಯೂನಿಟ್ ಬೇಕು. ನಿಮ್ಮ ಒಂದು ಬ್ಯಾಟರಿ ಮೂರು ಗಂಟೆಗೆ ಕೈ ಎತ್ತಿಬಿಡುತ್ತದೆ. ಇಡೀ ರಾತ್ರಿಗೆ ಇಂಥವು ಮೂರು ಬೇಕು.

ಖರ್ಚು ಮಾಡಿದ್ದನ್ನು ಮರುದಿನ ತುಂಬಿಸಬೇಕಲ್ಲ? 400 ವಾಟ್ ಪ್ಯಾನೆಲ್ ಚಾವಣಿ ಮೇಲೆ ಮಲಗಿಕೊಂಡಿದ್ದರೆ, ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಮೇಲೆ ಸ್ವಲ್ಪ ಕೊಡುತ್ತದೆ. ಅದರಿಂದ ಅರ್ಧ ಮಾತ್ರ ತುಂಬುತ್ತದೆ. ಉಳಿದರ್ಧ ಗಾಡಿ ಓಡುವಾಗ ಬರಬೇಕು. ಎಂಜಿನ್ ಓಡುವಾಗ ಗಾಡಿಯ ಕರೆಂಟಿನಿಂದಲೇ ಈ ಬ್ಯಾಟರಿ ತುಂಬಿಸುವ 40 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿದರೆ ಗಂಟೆಗೆ ಅರ್ಧ ಯೂನಿಟ್ ಬರುತ್ತದೆ. ಹಾಸನದಿಂದ ಧರ್ಮಸ್ಥಳ ಮುಟ್ಟುವ ಹೊತ್ತಿಗೆ ಆ ಅರ್ಧ ತುಂಬಿರುತ್ತದೆ.

ಆದರೆ ನಾನು ಒತ್ತಿ ಹೇಳುವುದು ಬೇರೆ. ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಚಾವಣಿಗೆ ಹಾಕಿ. ಮಧ್ಯಾಹ್ನದ ನೇರ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಾಖ ತರುತ್ತದೆ. ಟ್ರಾವೆಲರ್ ಚಾವಣಿ ಎಂಟು ಚದರ ಮೀಟರ್ ಆದರೂ ಇರುತ್ತದೆ. ಮನೆಯ ಒಂದು ಟನ್ ಎಸಿ ಹೊರಹಾಕುವುದೇ 3500 ವಾಟ್ ಶಾಖ, ನಿಮ್ಮ ರೂಫ್ ಎಸಿ ಅದಕ್ಕಿಂತ ಚಿಕ್ಕದು. ಬರಿ ತಗಡಿನ ಕೆಳಗೆ ಅದು ಏನು ಮಾಡೀತು? ನಮ್ಮ ಗಾಡಿಗೆ ಫೋಮ್ ಅಂಟಿಸುವ ಮೊದಲು ಮಧ್ಯಾಹ್ನ ಒಳಗಿನಿಂದ ಚಾವಣಿ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತಿತ್ತು. ಬಿಸಿಲು ಇಳಿದ ಮೇಲೂ ಹಾಸಿಗೆ, ಪ್ಲೈವುಡ್ ಎಲ್ಲಾ ಬೆಚ್ಚಗೇ ಇರುತ್ತಿದ್ದವು. ಎಸಿ ಮೊದಲ ಒಂದು ಗಂಟೆ ಗಾಳಿ ತಣ್ಣಗೆ ಮಾಡುವುದಕ್ಕಿಂತ ಆ ಹಾಸಿಗೆಯ ಬಿಸಿ ತೆಗೆಯುವುದರಲ್ಲೇ ಬ್ಯಾಟರಿ ತಿನ್ನುತ್ತಿತ್ತು.

ಹೊರಗೆ ಬಿಳಿ ಬಣ್ಣ ಹೊಡೆಸಿ. ಒಳಗೆ ನೈಟ್ರೈಲ್ ರಬ್ಬರ್ ಫೋಮ್ ಒಂದಿಂಚು ದಪ್ಪದ್ದು, ತಗಡಿಗೆ ಅಂಟಿಕೊಂಡಿರಬೇಕು, ಮಧ್ಯೆ ಸಂದು ಬಿಡಬಾರದು. ಸಂದಿನಲ್ಲಿ ನೀರು ಕೂತರೆ ತಗಡು ತುಕ್ಕು ಹಿಡಿಯುತ್ತದೆ. ಸೋಲಾರ್ ಪ್ಯಾನೆಲ್ಲನ್ನು ಚಾವಣಿಗೆ ಒತ್ತಿ ಕೂರಿಸದೆ ಎರಡು ಮೂರು ಇಂಚು ಎತ್ತರಕ್ಕೆ ಫ್ರೇಮ್ ಮಾಡಿಸಿ. ಕೆಳಗೆ ಗಾಳಿ ಆಡುತ್ತದೆ. ಪ್ಯಾನೆಲ್ಲೇ ನೆರಳಾಗುತ್ತದೆ, ತಣ್ಣಗಿದ್ದರೆ ಕರೆಂಟೂ ಜಾಸ್ತಿ ಕೊಡುತ್ತದೆ. ಮುಂದಿನ ಗಾಜಿಗೆ ಪರದೆ ಹೊರಗಿನಿಂದ ಹಾಕಿ. ಒಳಗಿನಿಂದ ಹಾಕಿದರೆ ಶಾಖ ಆಗಲೇ ಗಾಜು ದಾಟಿ ಬಂದಿರುತ್ತದೆ. ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಇಳಿಬಿಟ್ಟು, ಮಲಗುವ ಜಾಗ ಮಾತ್ರ ತಣ್ಣಗೆ ಮಾಡಿ. ಸುಮ್ನೆ ಇಡೀ ಗಾಡಿ ಯಾಕೆ?

ಇನ್ನೊಂದು, ಎತ್ತರ. ಸಾವಿರ ಮೀಟರ್ ಮೇಲಕ್ಕೆ ಹೋದರೆ ಸುಮಾರು ಆರು ಡಿಗ್ರಿ ಕಡಿಮೆ. ನಮ್ಮ ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲಿದೆ, ಸಕಲೇಶಪುರ 900 ಮೀಟರಿಗೂ ಮೇಲೆ. ಶಿರಾಡಿ ಇಳಿದು ಉಪ್ಪಿನಂಗಡಿ ಮುಟ್ಟಿದರೆ ಹೆಚ್ಚುಕಮ್ಮಿ ಕಡಲಮಟ್ಟ. ಮೇಲೆ ಏಪ್ರಿಲಿನಲ್ಲೂ ರಾತ್ರಿ ಹತ್ತರ ಮೇಲೆ ಫ್ಯಾನ್ ಸಾಕು, ಬೆಳಗಿನ ಜಾವ ಹೊದಿಕೆ ಹುಡುಕುತ್ತೀರಿ. ಕೆಳಗೆ ಎಸಿ ಒಂದು ನಿಮಿಷ ನಿಂತರೂ ಬೆವರು. ಹಾಗಾಗಿ ಹಗಲು ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ, ಬೆಳಕಿರುವಾಗಲೇ ಉಜಿರೆಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದ ಕಡೆ ಬಂದು ಮಲಗಿ. ಮೂರನೇ ಬ್ಯಾಟರಿಯ ದುಡ್ಡು ಉಳಿಯುತ್ತದೆ.

ಹಾಸನದ ಆಟೋ ಎಲೆಕ್ಟ್ರಿಷಿಯನ್

ಮೇಡಂ, ಮೇಲಿನವರು ಹೇಳಿದ್ದು ಸರಿ. ನಾನು ವೈರಿನ ವಿಷಯ ಹೇಳುತ್ತೇನೆ. ಎಸಿ ಕೆಲಸ ಮಾಡುತ್ತಿಲ್ಲ ಎಂದು ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಎಸಿ ಚೆನ್ನಾಗಿಯೇ ಇರುತ್ತದೆ, ವೈರ್ ಸಣ್ಣದಾಗಿರುತ್ತದೆ. ಒಂದು ಗಾಡಿ ಹೀಗೇ ಬಂದಿತ್ತು. ಬ್ಯಾಟರಿ ಫುಲ್. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಎಸಿ ಆಫ್. ಎಸಿ ಓಡುವಾಗಲೇ ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಟರ್ಮಿನಲ್ಲಿನಲ್ಲಿ 13.1 ವೋಲ್ಟ್. ಎಸಿಯ ಹತ್ತಿರ 11.5. ದಾರಿಯಲ್ಲೇ ಒಂದೂವರೆ ವೋಲ್ಟ್ ಹೋಗಿದೆ! ಬ್ಯಾಟರಿ ಖಾಲಿಯಾಯಿತು ಅಂದುಕೊಂಡು ಎಸಿ ತಾನೇ ನಿಲ್ಲುತ್ತಿತ್ತು. ಹಿಂದಿನಿಂದ ಮುಂದಕ್ಕೆ ಐದು ಮೀಟರ್, ಹೋಗಿಬರುವುದು ಹತ್ತು ಮೀಟರ್, ಎಳೆದಿದ್ದು 6 ಚದರ ಎಂಎಂ ವೈರ್. 50 ಆಂಪಿಯರಿಗೆ ಅದು ಸಾಲುವುದಿಲ್ಲ. ವೈರ್ ಮುಟ್ಟಿದರೆ ಬಿಸಿ, ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ಕೊಂಡಿ) ಹತ್ತಿರ ಇನ್ಸುಲೇಷನ್ ಮೆತ್ತಗಾಗಿತ್ತು. 35 ಚದರ ಎಂಎಂ ತಾಮ್ರದ ವೈರ್ ಎಳೆದೆವು. ಬೀಳುವ ವೋಲ್ಟೇಜ್ ಕಾಲು ವೋಲ್ಟಿಗೆ ಇಳಿಯಿತು.

ಲಗ್ಗನ್ನು ಸುತ್ತಿಗೆಯಲ್ಲಿ ಚಚ್ಚಿ ಕೂರಿಸುವವರಿಗೆ ಕೆಲಸ ಕೊಡಬೇಡಿ. ಲಗ್ಗನ್ನು ಒತ್ತಿ ಬಿಗಿಯುವ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇದೆಯಾ ಅಂತ ಮೊದಲೇ ಕೇಳಿ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಇರಬೇಕು, ಎಸಿಯ ಪಕ್ಕದಲ್ಲಿ ಅಲ್ಲ. ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿಯಿಂದ ಕಾಯುವುದು ಅದೊಂದೇ.

ಎಂಜಿನ್ ಓಡುವಾಗ ಕರೆಂಟ್ ಮಾಡುವ ಗಾಡಿಯ ಆಲ್ಟರ್ನೇಟರಿಗೆ ಲಿಥಿಯಂ ಬ್ಯಾಟರಿಯನ್ನು ನೇರ ಕಟ್ಟಿಸಬೇಡಿ. ಲಿಥಿಯಂ ಎಷ್ಟು ಕೊಟ್ಟರೂ ಎಳೆಯುತ್ತದೆ, ಆಲ್ಟರ್ನೇಟರ್ ಸುಟ್ಟುಹೋಗುತ್ತದೆ. ಮಧ್ಯೆ ಡಿಸಿ-ಡಿಸಿ ಚಾರ್ಜರ್ ಇರಲೇಬೇಕು. ದುಡ್ಡು ಉಳಿಸಲು ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿ ಹಾಕುತ್ತೇವೆ ಅನ್ನುವವರಿದ್ದಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಆಯಸ್ಸು ಕಮ್ಮಿ. ನಿಮ್ಮ 3.2 ಯೂನಿಟಿಗೆ 150 ಎಎಚ್‌ನವು ನಾಲ್ಕು ಬೇಕು, ತೂಕವೇ 200 ಕೆಜಿ ದಾಟುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ. ಮನೆಯ ಸ್ಪ್ಲಿಟ್ ಎಸಿಯನ್ನು ಇನ್ವರ್ಟರ್ ಮೇಲೆ ಓಡಿಸುವುದೂ ಅಷ್ಟೇ. ಇನ್ವರ್ಟರಿನಲ್ಲಿ ನೂರಕ್ಕೆ ಹತ್ತು ಪಾಲು ಕರೆಂಟ್ ಸುಮ್ನೆ ಹೋಗುತ್ತದೆ, ನಮ್ಮ ರಸ್ತೆಯ ಕುಲುಕಾಟಕ್ಕೆ ತಾಮ್ರದ ಪೈಪ್ ಬಿರುಕು ಬಿಟ್ಟು ಗ್ಯಾಸ್ ಹೋಗುತ್ತದೆ.

ಚಾವಣಿ ಕೊರೆಯುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆಯೇ ಇದೆ.

ಕಡೂರಿನಿಂದ

ನಮ್ಮ ಕಡೆ ಬಯಲುಸೀಮೆ. ಮಾರ್ಚ್, ಏಪ್ರಿಲಿನ ಒಣ ಸೆಕೆಗೆ ನಾನು 12 ವೋಲ್ಟಿನ ಸಣ್ಣ ವಾಟರ್ ಕೂಲರ್ ಇಟ್ಟುಕೊಂಡಿದ್ದೇನೆ. ಎಸಿಯ ಹತ್ತರಲ್ಲೊಂದು ಪಾಲು ಕರೆಂಟೂ ಬೇಡ. ಅರಸೀಕೆರೆ, ಬೀರೂರು ಕಡೆ ಕಿಟಕಿ ಒಂಚೂರು ತೆರೆದಿಟ್ಟರೆ ಆರಾಮ. ಆದರೆ ಘಾಟಿ ಇಳಿದ ಮೇಲೆ ಅದನ್ನು ಮುಟ್ಟಬೇಡಿ. ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ನೀರು ಆರುವುದೇ ಇಲ್ಲ, ಒಳಗೆ ಇನ್ನೂ ಜಿಗುಟು. ಉಡುಪಿಗೆ ಹೋಗುವವರಿಗೆ ಎಸಿಯೇ ಬೇಕು.

ಮೂಡಿಗೆರೆಯಿಂದ, ತೋಟದವರು

ಗಾಡಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ಅರ್ಧ ಎಸಿ ನಿಂತಿದೆ. ನಮ್ಮ ತೋಟಕ್ಕೆ ಬರುವವರು ಸಮತಟ್ಟಾಗಿದೆ ಎಂದು ನೇರ ಕಾಫಿ ಕಣದಲ್ಲಿ ನಿಲ್ಲಿಸುತ್ತಾರೆ. ಸಿಮೆಂಟಿನ ಕಣ ಹಗಲೆಲ್ಲಾ ಕಾದಿರುತ್ತದೆ, ರಾತ್ರಿ ಹತ್ತಾದರೂ ಕೆಳಗಿನಿಂದ ಬಿಸಿ ಬಿಡುತ್ತಲೇ ಇರುತ್ತದೆ. ಅದೇ ಗಾಡಿಯನ್ನು ಹತ್ತು ಮಾರು ಆಚೆ ಹುಲ್ಲಿನ ಮೇಲೆ, ಮರದ ಕೆಳಗೆ ನಿಲ್ಲಿಸಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಮರದ ಕೆಳಗೆ ಸೋಲಾರ್ ಬರುವುದಿಲ್ಲ ಎಂದು ಕೇಳುತ್ತೀರಿ. ನಿಜ, ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಕರೆಂಟ್ ತುಂಬಾ ಇಳಿಯುತ್ತದೆ. ಅದಕ್ಕೆ ಮಡಚುವ ಪ್ಯಾನೆಲ್ ಒಂದನ್ನು ಉದ್ದ ವೈರಿನೊಂದಿಗೆ ಇಟ್ಟುಕೊಳ್ಳಿ. ಗಾಡಿ ನೆರಳಿಗೆ, ಪ್ಯಾನೆಲ್ ಬಿಸಿಲಿಗೆ. ಮರ ಇಲ್ಲದ ಕಡೆಗೆ ನರ್ಸರಿಯ ಶೇಡ್ ನೆಟ್ ಒಂದು ತುಂಡು ಸಾಕು. ಗಾಡಿಗೆ ತಾಗದ ಹಾಗೆ, ಒಂದಡಿ ಮೇಲೆ ಕಟ್ಟಬೇಕು.

ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದರೆ ಆ ರಾತ್ರಿ ಎಸಿಯ ಯೋಚನೆಯೇ ಬೇಡ. ಆದರೆ ಒಂದು ಮಾತು. ತಂಪಿದೆ ಎಂದು ಬಾಗಿಲು ತೆರೆದಿಟ್ಟು ಮಲಗುವ ಊರು ಇದಲ್ಲ. ಮೂಡಿಗೆರೆ, ಬೇಲೂರು, ಆಲೂರು, ಸಕಲೇಶಪುರ, ಈ ಸುತ್ತಿನಲ್ಲಿ ಆನೆ ಯಾವಾಗ ಎಲ್ಲಿ ಬರುತ್ತದೆ ಅಂತ ಹೇಳಲಾಗದು. ಏಪ್ರಿಲ್, ಮೇ ಹಲಸಿನ ಕಾಲ ಬೇರೆ. ಹಲಸಿನ ಮರದ ಹತ್ತಿರ, ಕಾಡಂಚಿನ ರಸ್ತೆಯಲ್ಲಿ ರಾತ್ರಿ ನಿಲ್ಲಿಸಲೇಬೇಡಿ. ಗಾಡಿಯಲ್ಲಿ ಬಾಳೆಹಣ್ಣು, ಹಲಸಿನ ಹಣ್ಣು ಇಟ್ಟುಕೊಂಡು ಮಲಗಬೇಡಿ. ಹೋಂಸ್ಟೇ ಅಂಗಳವೋ, ಪರಿಚಯದವರ ತೋಟದ ಮನೆಯೋ ನೋಡಿಕೊಳ್ಳಿ. ಕೇಳಿದರೆ ಪ್ಲಗ್ ಪಾಯಿಂಟೂ ಕೊಡುತ್ತಾರೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಫುಲ್. ಕಿಟಕಿಗೆ ಗಟ್ಟಿ ಮೆಶ್, ಚಾವಣಿಗೆ ಗಾಳಿ ಹೊರತಳ್ಳುವ 12 ವೋಲ್ಟಿನ ಫ್ಯಾನ್ ಹಾಕಿಸಿದರೆ ಬಾಗಿಲು ಹಾಕಿಯೇ ಹೊರಗಿನ ತಂಪು ಎಳೆದುಕೊಳ್ಳಬಹುದು.

ಅರಕಲಗೂಡಿನಿಂದ, ನರ್ಸ್

ಅಕ್ಕಾ, ಎರಡು ವಿಷಯ ನಿಮ್ಮ ಮನೆಯವರಿಗೂ ಓದಿ ಹೇಳಿ. ಬ್ಯಾಟರಿ ಮುಗಿಯಿತು ಎಂದು ನಡುರಾತ್ರಿ ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿಕೊಂಡು ಮಲಗಬೇಡಿ. ಜನರೇಟರನ್ನೂ ಹತ್ತಿರ ಇಡಬೇಡಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ತೀರಿಕೊಂಡಿದ್ದರು. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರ ಗಾಡಿ ಸ್ಟಾರ್ಟಿನಲ್ಲಿ ನಿಂತಿದ್ದರೂ ಜಾಗ ಬದಲಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಒಂದನ್ನು ತಲೆಯ ಹತ್ತಿರ ಹಾಕಿಸಿ.

ಎರಡನೆಯದು ಅತ್ತೆಯವರ ವಿಷಯ. ಧರ್ಮಸ್ಥಳದಲ್ಲಿ ಕ್ಯೂ ದೊಡ್ಡದಿದೆ, ನೀವು ಎಸಿಯಲ್ಲಿ ಕೂತಿರಿ ಎಂದು ಅವರನ್ನೋ ಮಗುವನ್ನೋ ಗಾಡಿಯಲ್ಲಿ ಬಿಟ್ಟು ಹೋಗಬೇಡಿ. ಬ್ಯಾಟರಿ ಕಟ್ ಆಗಿ ಎಸಿ ನಿಂತರೆ, ಬಿಸಿಲಿನಲ್ಲಿ ಮುಚ್ಚಿದ ಗಾಡಿ ನೋಡನೋಡುತ್ತಲೇ ಕಾಯುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗುವುದಿಲ್ಲ, ಎದ್ದು ಬಾಗಿಲು ತೆಗೆಯುವ ಮೊದಲೇ ತಲೆ ಸುತ್ತಿರುತ್ತದೆ. ಒಬ್ಬರು ದೊಡ್ಡವರು ಜೊತೆಯಲ್ಲಿ ಇರಲೇಬೇಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಸೆಕೆಗಾಲದ ಪ್ರಯಾಣಕ್ಕೆ ಮೊದಲು ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು, ಹಾಸನ

ಎಲ್ಲರಿಗೂ ಮನಸಾರೆ ಧನ್ಯವಾದ. ಅತ್ತೆಗೂ ಓದಿ ಹೇಳಿದೆ. ಮೊದಲು ಫೋಮ್, ಬಿಳಿ ಬಣ್ಣ ಮಾಡಿಸುತ್ತೇವೆ. ಬ್ಯಾಟರಿ ಮೂರು ಕೊಳ್ಳುವ ಶಕ್ತಿ ಈಗ ಇಲ್ಲ, ಎರಡು ತೆಗೆದುಕೊಂಡರೆ ಉಡುಪಿಯಲ್ಲಿ ಹೇಗೆ?

ಚಿಕ್ಕಮಗಳೂರಿನಿಂದ

ಎರಡರಲ್ಲಿ ಆಗುತ್ತದೆ ಅಕ್ಕಾ. ಪೂರ್ತಿ ಖಾಲಿ ಮಾಡದೆ ಎರಡೂಕಾಲು ಯೂನಿಟ್ ತೆಗೆಯಬಹುದು, ಐದೂವರೆ ಗಂಟೆ ಆಯಿತು. ಸಂಜೆ ದಾರಿಯಲ್ಲಿ ಬರುವಾಗಲೇ ಎಸಿ ಹಾಕಿ, ಮಲಗುವ ಜಾಗ ತಣ್ಣಗೆ ಮಾಡಿಕೊಂಡೇ ಬನ್ನಿ. ಆಗ ಆಲ್ಟರ್ನೇಟರ್ ಹೊರೆ ಹೊರುತ್ತದೆ, ಬ್ಯಾಟರಿ ಅಷ್ಟಾಗಿ ಇಳಿಯುವುದಿಲ್ಲ. ನಿಂತ ಮೇಲೆ 26-27 ಡಿಗ್ರಿಗೆ ಇಡಿ, ಜೊತೆಗೆ ಸಣ್ಣ ಫ್ಯಾನ್. 22ಕ್ಕೆ ಇಳಿಸಿದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಕರಾವಳಿಯಲ್ಲಿ ಡ್ರೈ ಮೋಡ್ ಇದ್ದರೆ ಅದನ್ನೂ ನೋಡಿ, ತೇವ ಹೋದರೆ 27ರಲ್ಲೂ ನಿದ್ದೆ ಬರುತ್ತದೆ. ನಾಲ್ಕು ಜನ ಮಲಗುವುದರಿಂದ ಚಾವಣಿ ವೆಂಟ್ ಒಂದು ಬೆರಳು ತೆರೆದಿರಲಿ. ಎಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಹೊಸ ಗಾಳಿ ತರುವುದಿಲ್ಲ. ಉಡುಪಿಯ ರಾತ್ರಿಗೆ ಮಾತ್ರ ಪ್ಲಗ್ ಸಿಗುವ ಜಾಗ ನೋಡಿಕೊಳ್ಳಿ.

ಬ್ಯಾಟರಿಗೆ ಶಂಟ್ ಇರುವ ಮೀಟರ್, ಅಂದರೆ ಒಳಹೋದ ಹೊರಬಂದ ಕರೆಂಟನ್ನು ಎಣಿಸುವ ಮೀಟರ್, ಹಾಕಿಸಿ. ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಕೊನೆಯವರೆಗೂ 13ರ ಆಸುಪಾಸಿನಲ್ಲೇ ಇದ್ದು ಒಮ್ಮೆಲೇ ಬಿದ್ದುಬಿಡುತ್ತದೆ. ಹೊರಡುವ ಮೊದಲು ನಿಮ್ಮ ಮನೆ ಮುಂದೆಯೇ ಒಂದು ರಾತ್ರಿ ಎಲ್ಲರೂ ಗಾಡಿಯಲ್ಲಿ ಮಲಗಿ. ಮಲಗುವಾಗ ಎಷ್ಟಿತ್ತು, ಎದ್ದಾಗ ಎಷ್ಟಿದೆ, ಹೊರಗೆ ಎಷ್ಟು ಡಿಗ್ರಿ ಇತ್ತು, ಮೂರನ್ನೂ ಬರೆದು ಇಲ್ಲಿ ಹಾಕಿ. ಅದನ್ನು ನೋಡಿಕೊಂಡು ಕೆಳಗಿನ ಊರುಗಳ ಲೆಕ್ಕ ಒಟ್ಟಿಗೆ ಮಾಡೋಣ.