ಸಹಾಯ ಬೇಕು: ಫ್ರೆಂಚ್ ಗೌನಿನ ಬೆನ್ನಿನ ನೆರಿಗೆ ಕೂರ್ತಾ ಇಲ್ಲ

ಎಲ್ರಿಗೂ ನಮಸ್ಕಾರ. 1760ರ ದಶಕದ ಫ್ರೆಂಚ್ ಗೌನ್ ಒಂದನ್ನ ಹೊಲೀತಿದೀನಿ, ರೋಬ್ ಆ ಲಾ ಫ್ರಾನ್ಸೇಸ್. ಕುತ್ತಿಗೆ ಹಿಂಭಾಗದಿಂದ ನೆಲದವರೆಗೂ ಅಗಲ ನೆರಿಗೆ ಇಳಿಬಿಟ್ಟಿರುತ್ತಲ್ಲ, ಅದು. ವರ್ಸೈ ಅರಮನೆಯ ದೊಡ್ಡ ಸಮಾರಂಭಗಳಿಗೆ ಹಾಕ್ತಿದ್ದ ಗ್ರಾಂಡ್ ಆಬೀ ಬೇರೆ. ಅದಕ್ಕೆ ಕಡ್ಡಿ ಕೂರಿಸಿದ ಗಟ್ಟಿ ರವಿಕೆ, ಹಿಂದೆ ಬೇರೆಯಾಗಿ ಕಟ್ಟೋ, ನೆಲದ ಮೇಲೆ ಎಳೆದುಕೊಂಡು ಬರೋ ಉದ್ದ ಬಟ್ಟೆ (ಟ್ರೇನ್) ಇರ್ತಿತ್ತು.

ಸ್ಟೇಸ್ (ಗೌನಿನ ಒಳಗೆ ಹಾಕೋ ಬಿಗಿ ಒಳರವಿಕೆ), ಸೊಂಟದ ಎರಡೂ ಪಕ್ಕ ಉಬ್ಬಿಸೋ ಪಾನಿಯೇ, ಪೆಟಿಕೋಟ್ ಎಲ್ಲಾ ಸಿದ್ಧ ಇದೆ. ಮೊಣಕೈ ಹತ್ರ ಬರೋ ಲೇಸಿನ ಝಾಲರಿಯೂ ಆಯ್ತು. ಎದೆಗೆ ಪಿನ್ ಮಾಡೋ ತ್ರಿಕೋನ ಸ್ಟಮಕರ್ ಮೇಲೆ ರಿಬ್ಬನ್ ಬೋಗಳ ಸಾಲು ಹಾಕಿದೀನಿ, ಮೇಲೆ ದೊಡ್ಡದು, ಕೆಳಗೆ ಬರ್ತಾ ಚಿಕ್ಕದು. ತುಂಬಾ ಚೆನ್ನಾಗಿ ಬಂದಿದೆ.

ಸಿಕ್ಕಿಹಾಕಿಕೊಂಡಿರೋದು ಬೆನ್ನಲ್ಲಿ. ಒಳಗಿನ ಲೈನಿಂಗ್ ಮೈಗೆ ಅಂಟಿಕೊಂಡು ಕೂರ್ಬೇಕು, ಅದಕ್ಕೇ ನಡುಬೆನ್ನಲ್ಲಿ ಸೀಳಿ ಲಾಡಿ ಕಟ್ಟಿ ಬಿಗಿ ಮಾಡ್ತಾರೆ. ನೆರಿಗೆ ಅದರ ಮೇಲೆ ಸಡಿಲವಾಗಿ ಬೀಳ್ಬೇಕು. ನೆರಿಗೆಯನ್ನ ಲೈನಿಂಗಿಗೆ ಸೇರಿಸಿ ಹೊಲಿದ್ರೆ ಲಾಡಿ ಎಳೆದಾಗ ನೆರಿಗೆ ಸುಕ್ಕಾಗುತ್ತೆ. ಕುತ್ತಿಗೆ ಅಂಚಲ್ಲಿ ಮಾತ್ರ ಹಿಡಿದ್ರೆ ಭುಜದ ಹತ್ರ ಅರಳಿಕೊಂಡುಬಿಡುತ್ತೆ. ಹಳೇ ಕಾಟನ್ ಬಟ್ಟೆಯಲ್ಲಿ ಎರಡೂ ರೀತಿ ಮಾಡಿ ನೋಡಿದೆ. ನೆರಿಗೆಗೆ ಇಸ್ತ್ರಿ ಹಾಕಿದ್ರೆ ಚಪ್ಪಟೆಯಾಗಿ, ಆ ಗೌನಿನ ಅಂದವೇ ಹೋಗುತ್ತೆ. ಮ್ಯೂಸಿಯಂ ಫೋಟೋಗಳಲ್ಲಿ ನನಗೆ ಸಿಕ್ಕಿದ್ದೆಲ್ಲಾ ಹೊರಭಾಗದ್ದೇ. ರೇಷ್ಮೆಗೆ ಕತ್ತರಿ ಹಾಕೋ ಮೊದಲು ಇದು ಬಗೆಹರೀಬೇಕು.

ಇಂಥ ಗೌನ್ ಹೊಲಿದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ನೆರಿಗೆಯನ್ನ ಕುತ್ತಿಗೆಯಿಂದ ಎಷ್ಟು ಇಂಚು ಕೆಳಗಿನವರೆಗೆ ಹೊಲಿದು ಹಿಡೀಬೇಕು? ಆ ಹೊಲಿಗೆ ಲೈನಿಂಗನ್ನೂ ಹಿಡೀಬೇಕಾ, ಇಲ್ಲಾ ಮೇಲಿನ ಬಟ್ಟೆ ಮಾತ್ರಾನಾ?