ಈಜುವ ಕಣಗಳಿರುವ ದ್ರವಕ್ಕೆ ‘ಬಗ್ಗಡ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಹಾಸನದ ಪಿಯು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಬ್ಯಾಕ್ಟೀರಿಯಾದ ಹಾಗೆ ತಾವೇ ಈಜುವ ಕಣಗಳು ತುಂಬಿದ ದ್ರವ ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರಲ್ಲ, ಅದರ ಬಗ್ಗೆ. ಇಂಥ ದ್ರವಕ್ಕೆ ಇಂಗ್ಲಿಷಿನಲ್ಲಿ ‘ಆಕ್ಟಿವ್ ಸಸ್ಪೆನ್ಷನ್’ ಅಂತಾರೆ. ಹಾಗೇ ಬರೆದರೆ ಹುಡುಗರು ಕಾರಿನ ಚಕ್ರದ ಕಡೆ ನೋಡುತ್ತಾರೆ, ಅಲ್ಲೂ ಅದೇ ಹೆಸರಿನದೊಂದು ಇದೆ! ‘ಸಕ್ರಿಯ ನಿಲಂಬನ’ ಅಂದರೆ ಮೇಷ್ಟ್ರೇ ನಿಘಂಟು ತೆಗೆಯಬೇಕು.

ನಮ್ಮ ಕಡೆ ಮಣ್ಣು ಕದಡಿದ ನೀರಿಗೆ ಬಗ್ಗಡ ಅಂತೀವಿ. ಮುಂಗಾರು ಜೋರಾದಾಗ ಹೇಮಾವತಿ ಬಗ್ಗಡವಾಗಿಯೇ ಹರಿಯುತ್ತಾಳೆ. ಆ ನೀರನ್ನು ಚೊಂಬಿನಲ್ಲಿ ಹಿಡಿದಿಟ್ಟರೆ ಮಣ್ಣು ತಳ ಸೇರಿ ಮೇಲೆ ತಿಳಿಯಾಗುತ್ತದೆ. ಸಸ್ಪೆನ್ಷನ್ ಅಂದರೆ ಇದೇ ಅಲ್ವಾ?

ತೊಡಕು ಇರುವುದು ‘ಆಕ್ಟಿವ್’ನಲ್ಲಿ. ಮಣ್ಣಿನ ಕಣವನ್ನು ನೀರು ಹೊತ್ತೊಯ್ಯುತ್ತದೆ. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾ ಹಾಗಲ್ಲ. ಸುಮಾರು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಉದ್ದದ ಈ ಜೀವಿ ಬಾಲದಂಥ ಎಳೆಗಳನ್ನು ತಿರುಗಿಸುತ್ತಾ, ಸೆಕೆಂಡಿಗೆ ತನ್ನ ಉದ್ದದ ಹತ್ತು ಪಟ್ಟು ದೂರ ಈಜುತ್ತದೆ. ಒಂದೊಂದು ಕಣವೂ ತನ್ನ ಶಕ್ತಿ ಖರ್ಚು ಮಾಡಿ ಸುತ್ತಲ ನೀರನ್ನು ಕದಡುತ್ತಿರುತ್ತದೆ. ಇದರಿಂದ ಆಗುವುದು ಸೋಜಿಗ. ಸುಮ್ನೆ ಬಿದ್ದಿರುವ ಕಣ ಸೇರಿಸಿದರೆ ದ್ರವದ ಸ್ನಿಗ್ಧತೆ, ಅಂದರೆ ಹರಿಯುವುದಕ್ಕೆ ಅದು ಒಡ್ಡುವ ತಡೆ, ಜಾಸ್ತಿಯಾಗುತ್ತದೆ, ಐನ್‌ಸ್ಟೈನ್ 1906ರಲ್ಲೇ ಇದಕ್ಕೆ ಲೆಕ್ಕ ಕೊಟ್ಟಿದ್ದರು. ಇ. ಕೋಲೈ ಸೇರಿಸಿ ನಿಧಾನವಾಗಿ ಹರಿಸಿದರೆ ಅದೇ ಸ್ನಿಗ್ಧತೆ ಇಳಿಯುವುದೂ ಉಂಟು! ಭೌತವಿಜ್ಞಾನಿಗಳಾದ ಶ್ರೀರಾಮ್ ರಾಮಸ್ವಾಮಿ ಮತ್ತು ಅದಿತಿ ಸಿಂಹ 2002ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಇಂಥ ಕಣಗಳೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟಿ ಈಜಿದರೂ ಆ ಸಾಲು ಉಳಿಯುವುದಿಲ್ಲ, ಅವೇ ಎಬ್ಬಿಸಿದ ಹರಿವು ಅದನ್ನು ಕೆಡಿಸುತ್ತದೆ.

‘ಸಕ್ರಿಯ’ದಲ್ಲಿ ಇದೆಲ್ಲ ಎಲ್ಲಿ ಕಾಣುತ್ತೆ? ಅದು ಸಕ್ರಿಯ ರಾಜಕಾರಣಕ್ಕೆ ಸರಿ. ನನ್ನ ಒಲವು ‘ಈಜುಕಣ’ದ ಕಡೆ. ಒಂದು ಮಗ್ಗುಲಿಗೆ ಪ್ಲಾಟಿನಂ ಬಳಿದು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಓಡಿಸುವ ಕೃತಕ ಮಣಿಗಳಿಗೂ ಅದು ಒಪ್ಪುತ್ತೆ. ಕಂಪ್ಯೂಟರಿನ ಆ ಲೆಕ್ಕಕ್ಕಿರುವ ‘ಸಿಮ್ಯುಲೇಷನ್’ ಅನ್ನೋ ಮಾತನ್ನು ಹಾಗೇ ಬಿಟ್ಟಿದ್ದೇನೆ, ಎಲ್ಲರಿಗೂ ಗೊತ್ತಿರೋದೇ.

ಈಗ ನಿಮ್ಮನ್ನು ಕೇಳಬೇಕಾದದ್ದು. ‘ಈಜುಕಣಗಳ ಬಗ್ಗಡ’ ಅಂದರೆ ನಿಮಗೆ ಬರೀ ಕೊಳಕು ನೀರು ಕಣ್ಣಿಗೆ ಬರುತ್ತಾ? ಸಕಲೇಶಪುರ, ಮೂಡಿಗೆರೆ ಕಡೆಯವರು ಇದಕ್ಕೆ ಬೇರೆ ಮಾತು ಬಳಸ್ತೀರಾ?

ಇನ್ನೊಂದು. ಇ. ಕೋಲೈ ಹಿಂದಿನಿಂದ ತಳ್ಳಿಕೊಂಡು ಹೋಗುತ್ತೆ, ಕ್ಲಮೈಡೊಮೊನಾಸ್ ಎಂಬ ಪಾಚಿ ಮುಂದಿನಿಂದ ಎಳೆದುಕೊಂಡು. ‘ಓದುಗ’ದ ಜಾಡಿನಲ್ಲಿ ‘ತಳ್ಳುಗ’, ‘ಎಳೆಯುಗ’ ಅಂತ ಗೀಚಿಟ್ಟಿದ್ದೇನೆ. ಮೊದಲನೆಯದು ಪರವಾಗಿಲ್ಲ, ಎರಡನೆಯದು ನಾಲಿಗೆಗೆ ತೊಡರುತ್ತೆ. ಒಳ್ಳೆಯದು ಹೊಳೆದರೆ ತಿಳಿಸಿ.